'ರೀಇನ್‌ಸ್ಟಾಲ್ ಮಾಡಿ' ಎಂಬುದು ಉತ್ತರವಲ್ಲ

ನಾಶಿಕದ ಓಝರ್ ವಿಮಾನ ನಿಲ್ದಾಣದಿಂದ ಛತ್ರಪತಿ ಸಂಭಾಜಿನಗರದ ಚಿಕಲ್‌ಠಾಣಾಕ್ಕೆ ನೇರ ಗೆರೆ ಎಳೆದರೆ ಸುಮಾರು 160 ಕಿಲೋಮೀಟರ್. ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಡುವವರಿಗೆ ಭಾನುವಾರ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ದೂರ. ಆದರೆ ಕೆಲವು ಸಾವಿರ ರೂಪಾಯಿ ಕೊಟ್ಟು ಬೋಯಿಂಗ್ 737ರ ಆಡ್‌ಆನ್ ಕೊಂಡ ಹವ್ಯಾಸಿಯ ಭಾನುವಾರ ಹಾರಾಟದಲ್ಲಿ ಕಳೆಯುವುದು ಕಡಿಮೆ. ಪರದೆಗಳೆಲ್ಲ ಕಪ್ಪಾಗಿ ಕೂತಿರುತ್ತವೆ. ಆಟೋಥ್ರಾಟಲ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ನಿಲ್ದಾಣದ ಹೆಸರು ಕೊಟ್ಟರೆ ವಿಮಾನದ ಕಂಪ್ಯೂಟರ್ 'ನಾಟ್ ಇನ್ ಡೇಟಾಬೇಸ್' ಎನ್ನುತ್ತದೆ. ಸಹಾಯ ಕೇಳಿದರೆ ಬರುವ ಉತ್ತರ ಒಂದೇ: ರೀಇನ್‌ಸ್ಟಾಲ್ ಮಾಡಿ.

ಇದು ಸಲಹೆಯಲ್ಲ, ಕೈತೊಳೆದುಕೊಳ್ಳುವ ವಿಧಾನ. ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದಾಗ ತೊಂದರೆ ಹೋದರೂ ಯಾಕೆ ಬಂದಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಸುಳಿವೂ ಅದರೊಂದಿಗೇ ಅಳಿಸಿಹೋಗಿರುತ್ತದೆ. ಮೇಲಿನ ಮೂರಕ್ಕೂ ಸರಳ ಕಾರಣಗಳಿರುವ ಸಾಧ್ಯತೆಯೇ ಹೆಚ್ಚು. ಸಿಮ್ಯುಲೇಟರಿಗೆ ಅಪ್‌ಡೇಟ್ ಬಂದ ಮೇಲೆ ಮೊದಲ ಸಲ ತೆರೆದಾಗ ಆಡ್‌ಆನ್‌ನ ಕೋಡ್ ಮತ್ತೆ ಕಂಪೈಲ್ ಆಗಬೇಕು, ಅಲ್ಲಿಯವರೆಗೆ ಪರದೆ ಕಪ್ಪಾಗಿರಬಹುದು. ಹಳೆಯ ಜಾಯ್‌ಸ್ಟಿಕ್ಕಿನ ಥ್ರಾಟಲ್ ನಡುಗುತ್ತಿದ್ದರೆ ಅಥವಾ ಎರಡು ಸಾಧನಗಳು ಒಂದೇ ಆಕ್ಸಿಸ್‌ಗೆ ಜೋಡಣೆಯಾಗಿದ್ದರೆ, ಪೈಲಟ್ ಕೈ ಹಾಕಿದ್ದಾನೆಂದು ವಿಮಾನ ತಿಳಿಯುತ್ತದೆ. ಇನ್ನು ಹೆಸರಿನ ವಿಷಯ. ಔರಂಗಾಬಾದ್ 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು, ಆದರೆ ವಿಮಾನದ ಕಂಪ್ಯೂಟರಿಗೆ ಅದು ಈಗಲೂ ವಿಎಎಯು. ಓಝರ್ ವಿಎಒಝಡ್. ನಾಲ್ಕಕ್ಷರದ ಐಕಾವೊ ಸಂಕೇತ ಬೇಕಾದ ಜಾಗದಲ್ಲಿ ಟಿಕೆಟ್ಟಿನ ಮೇಲೆ ಕಾಣುವ ಮೂರಕ್ಷರದ್ದನ್ನು ಕೊಟ್ಟರೆ ಅದು ಒಪ್ಪುವುದಿಲ್ಲ. ಮೂರು ಸಾಲಿನಲ್ಲಿ ಮುಗಿಯುವ ವಿಷಯಗಳಿವು. ಆ ಮೂರು ಸಾಲನ್ನು ಬರೆಯಲು ಯಾರಿಗೂ ಬಿಡುವಿಲ್ಲ.

ಕೈಪಿಡಿ ಇಲ್ಲವೆಂದಲ್ಲ. ನೂರಾರು ಪುಟಗಳ ಪಿಡಿಎಫ್ ಇರುತ್ತದೆ. ಅದು ನಿಜವಾದ ವಿಮಾನದ ಕೈಪಿಡಿಯ ನೆರಳು, ಕೊಂಡ ಸರಕಿನದ್ದಲ್ಲ. 737ರ ನೆತ್ತಿಯ ಪ್ಯಾನೆಲ್ಲಿನಲ್ಲಿ 'ಲ್ಯಾಂಡ್ ಆಲ್ಟ್' ಎಂಬ ಪುಟ್ಟ ಕಿಟಕಿಯಿದೆ, ಇಳಿಯುವ ನಿಲ್ದಾಣದ ಎತ್ತರವನ್ನು ಅಲ್ಲಿ ಪೈಲಟ್ಟೇ ತಿರುಗಿಸಿ ಕೂರಿಸಬೇಕು. ಚಿಕಲ್‌ಠಾಣಾಕ್ಕೆ ಸುಮಾರು 1,900 ಅಡಿ. ಸೊನ್ನೆಯಲ್ಲೇ ಬಿಟ್ಟರೆ ಕ್ಯಾಬಿನ್ ಸಮುದ್ರಮಟ್ಟದ ಲೆಕ್ಕದಲ್ಲೇ ಒತ್ತಡ ಹೊಂದಿಸುತ್ತಾ ಹೋಗುತ್ತದೆ. ಇಲ್ಲಿ ಕೈಪಿಡಿ ಹೇಳುವುದು ಇಳಿಯುವ ನಿಲ್ದಾಣದ ಎತ್ತರವನ್ನು ಕೂರಿಸಿ ಎಂದಷ್ಟೇ. ತರಬೇತಾದ ಪೈಲಟ್ಟಿಗೆ ಅಷ್ಟು ಸಾಕು. ಮನೆಯಲ್ಲಿ ಕೂತವನಿಗೆ ಆ ಎತ್ತರವೆಷ್ಟು ಎಂಬುದೇ ಪ್ರಶ್ನೆ.

ಇದು ಬರೀ ಆಟದ ಮಾತು ಅನ್ನುವವರು ಅದೇ ಚಿಕಲ್‌ಠಾಣಾದ ರನ್‌ವೇಯನ್ನು ನೆನೆಯಬೇಕು. 1993ರ ಏಪ್ರಿಲ್ 26ರಂದು ಇಂಡಿಯನ್ ಏರ್‌ಲೈನ್ಸ್‌ನ 491ನೇ ವಿಮಾನ, ಒಂದು 737-200, ಇಲ್ಲಿಂದ ಮುಂಬಯಿಗೆ ಏಳುವಾಗ ರನ್‌ವೇಯಾಚೆಯ ರಸ್ತೆಯಲ್ಲಿ ಹತ್ತಿಯ ಹೊರೆ ಹೊತ್ತು ಹೋಗುತ್ತಿದ್ದ ಲಾರಿಗೆ ಬಡಿಯಿತು. ಒಳಗಿದ್ದ 118 ಜನರಲ್ಲಿ 55 ಮಂದಿ ತೀರಿಕೊಂಡರು. ತನಿಖೆ ಬೊಟ್ಟು ಮಾಡಿದ್ದು ಮೂಗನ್ನು ತಡವಾಗಿ, ತಪ್ಪು ಕ್ರಮದಲ್ಲಿ ಎತ್ತಿದ್ದರ ಕಡೆಗೆ; ಜೊತೆಗೆ ವಿಮಾನದ ಹೊತ್ತಿನಲ್ಲಿ ಬೀಡ್ ರಸ್ತೆಯ ವಾಹನಗಳನ್ನು ತಡೆಯದಿದ್ದುದರ ಕಡೆಗೆ. ಸಿಮ್ಯುಲೇಟರಿನಲ್ಲಿ ಯಾರೂ ಸಾಯುವುದಿಲ್ಲ, ಸರಿ. ಆದರೆ 'ತದ್ರೂಪ' ಎಂಬ ಹೆಗ್ಗಳಿಕೆಯಲ್ಲೇ ಈ ಸರಕು ಮಾರಾಟವಾಗುವುದು. ಹಾಗಿರುವಾಗ ಅದೇ ರನ್‌ವೇಯಲ್ಲಿ ವಿಮಾನ ತಡವಾಗಿ ಎದ್ದರೆ ತಪ್ಪು ತನ್ನ ಕೈಯದೋ, ಟ್ರಿಮ್‌ನದೋ, ಟ್ಯಾಬ್ಲೆಟ್ಟಿನಲ್ಲಿ ತುಂಬಿದ ತೂಕ ಸಿಮ್ಯುಲೇಟರಿಗೆ ತಲುಪದೇ ಇದ್ದುದೋ ಎಂದು ತಿಳಿಯುವ ಹಕ್ಕು ಕೊಂಡವನಿಗಿದೆ.

'ವಿಡಿಯೊ ಇದೆಯಲ್ಲ' ಎಂಬುದು ಇನ್ನೊಂದು ಜಾಣತನ. ನಲವತ್ತು ನಿಮಿಷದ ವಿಡಿಯೊದಲ್ಲಿ ಒಂದು ಸ್ವಿಚ್ಚನ್ನು ಹುಡುಕುವುದು ಹೇಗೆ? ಮುಂದಿನ ಆವೃತ್ತಿಯಲ್ಲಿ ಸ್ವಿಚ್ಚಿನ ಕೆಲಸ ಬದಲಾದರೆ ಹಳೆಯ ವಿಡಿಯೊವನ್ನು ತಿದ್ದುವವರು ಯಾರು?

ಎಲ್ಲಕ್ಕಿಂತ ಅಸಹ್ಯವಾದ ವಾದ, ಇಂಗ್ಲಿಷ್ ಸರಿಯಾಗಿ ಬಾರದವನಿಗೆ ವಿಮಾನದ ಶೋಕಿ ಏಕೆ ಎನ್ನುವುದು. ವಿಮಾನ ಉದ್ಯಮವೇ ಈ ಮಾತನ್ನು ಒಪ್ಪಿಲ್ಲ. ನಿರ್ವಹಣಾ ಕೈಪಿಡಿ ಓದುವವರಲ್ಲಿ ಬಹಳ ಮಂದಿಗೆ ಇಂಗ್ಲಿಷ್ ತಾಯ್ನುಡಿಯಲ್ಲ ಎಂದು ಮನಗಂಡೇ ಯುರೋಪಿನ ವಿಮಾನ ಉದ್ಯಮ 1980ರ ದಶಕದಲ್ಲಿ ಸರಳೀಕೃತ ತಾಂತ್ರಿಕ ಇಂಗ್ಲಿಷನ್ನು ರೂಪಿಸಿತು. ಒಂದು ಪದಕ್ಕೆ ಒಂದೇ ಅರ್ಥ, ಚಿಕ್ಕ ವಾಕ್ಯ. ಅದರಲ್ಲಿ 'ಫಾಲೋ' ಅಂದರೆ ಹಿಂದೆ ಬರುವುದು ಮಾತ್ರ. ಸೂಚನೆಯನ್ನು ಪಾಲಿಸು ಎನ್ನಲು 'ಒಬೇ' ಎಂದೇ ಬರೆಯಬೇಕು. ಓದುಗ ಎಡವಿದರೆ ಬರೆದವನು ತಿದ್ದಿಕೊಳ್ಳಬೇಕೆಂಬುದು ಅಲ್ಲಿನ ನಿಲುವು. ಓಝರ್‌ನಲ್ಲೇ 1960ರ ದಶಕದಿಂದ ಎಚ್‌ಎಎಲ್ ಮಿಗ್ ವಿಮಾನಗಳನ್ನು ಕಟ್ಟಿತು. ರಷ್ಯನ್ ಬಾರದವರು ಸ್ಪ್ಯಾನರ್ ಮುಟ್ಟಬೇಡಿ ಎಂದಿದ್ದರೆ ಆ ಕಾರ್ಖಾನೆಯ ಬಾಗಿಲೇ ತೆರೆಯುತ್ತಿರಲಿಲ್ಲ.

ಕನ್ನಡದ ಕಡೆಯಿಂದಲೂ ತಪ್ಪಿದೆ. ಆಟೋಥ್ರಾಟಲ್ಲಿಗೆ 'ಸ್ವಯಂಚಾಲಿತ ನೂಕುಬಲ ನಿಯಂತ್ರಕ' ಎಂದು ಬರೆದು ಕೃತಾರ್ಥರಾಗುವವರಿಗೆ ಓದುಗನ ಮುಂದಿರುವ ಪ್ಯಾನೆಲ್ ಕಾಣುವುದಿಲ್ಲ. ಸ್ವಿಚ್ಚಿನ ಹೆಸರನ್ನು, ತಪ್ಪಿನ ಸಂದೇಶವನ್ನು ಮುಟ್ಟಕೂಡದು, ಕಣ್ಣಿಗೆ ಬೀಳುವುದು ಅದೇ. ಕನ್ನಡ ಬೇಕಾದದ್ದು ಉಳಿದ ಭಾಗಕ್ಕೆ: ಏನಾಯಿತು, ಯಾಕಾಯಿತು, ಯಾವ ಕ್ರಮದಲ್ಲಿ ನೋಡಬೇಕು, ಯಾವ ಆವೃತ್ತಿಗೆ ಇದು ಅನ್ವಯ. 'ಲ್ಯಾಂಡ್ ಆಲ್ಟ್ ಗುಂಡಿಯನ್ನು 1,900 ಬರುವವರೆಗೆ ತಿರುಗಿಸಿ, ಅದು 50 ಅಡಿಯ ಮೆಟ್ಟಿಲಲ್ಲಿ ಓಡುತ್ತದೆ' ಎಂಬ ವಾಕ್ಯಕ್ಕೆ ಪಾರಿಭಾಷಿಕ ಕೋಶವೇನೂ ಬೇಕಾಗಿಲ್ಲ.

ಹಣ ಪಡೆಯುವವರು ಮಾಡದ ಈ ಕೆಲಸವನ್ನು ಪುಕ್ಕಟೆ ಕೊಡುವವರು ಮಾಡಿದ್ದಾರೆ. ಫ್ಲೈಬೈವೈರ್ ತಂಡದ ಏರ್‌ಬಸ್ ಎ320ಕ್ಕೆ ದುಡ್ಡಿಲ್ಲ, ಅದರ ಕೋಡ್ ಮುಕ್ತ, ದಾಖಲೆಯೂ ಮುಕ್ತ. ಹೊಸಬರಿಗೆ ಹಂತಹಂತದ ಮಾರ್ಗದರ್ಶಿಯಿದೆ, ಗೊತ್ತಿರುವ ತೊಂದರೆಗಳು ಅವುಗಳ ಕಾರಣದೊಂದಿಗೆ ಬೇರೆಯಾಗಿಯೇ ಇವೆ, ತಪ್ಪು ಕಂಡವರು ತಿದ್ದುಪಡಿ ಕಳಿಸಬಹುದು. ಸಾವಿರಗಟ್ಟಲೆ ವಸೂಲಿ ಮಾಡುವವರಿಗೆ ಇದು ಆಗದ ಕೆಲಸವೇನಲ್ಲ. ಮುಂದಿನ ಆವೃತ್ತಿಯ ಜೊತೆ ಅವರು ಗೊತ್ತಿರುವ ತೊಂದರೆಗಳ ಒಂದು ಪುಟ ಕೊಡಲಿ, ಯಾವುದನ್ನು ಅನುಕರಿಸಿಲ್ಲ ಎಂಬ ಇನ್ನೊಂದು ಪುಟ ಕೊಡಲಿ. ಅಲ್ಲಿಯವರೆಗೆ ಓಝರ್‌ನಲ್ಲಿ ಕಪ್ಪು ಪರದೆಯ ಮುಂದೆ ಕೂತವನು ಹಣ ವಾಪಸ್ ಕೇಳಿದರೆ ಅದು ದುಡುಕಲ್ಲ.