ರಸಮಟ್ಟವನ್ನು ತಿರುಗಿಸಿ ನೋಡಿರಿ

ಮನೆ ಕಟ್ಟಿಸುವ ಗೃಹಸ್ಥರು ಸಿಮೆಂಟು, ಕಬ್ಬಿಣಗಳ ಬೆಲೆಯನ್ನು ಹತ್ತು ಅಂಗಡಿಗಳಲ್ಲಿ ವಿಚಾರಿಸುವರು; ಮೇಸ್ತ್ರಿಯ ಕೈಯಲ್ಲಿರುವ ರಸಮಟ್ಟವು ಸರಿಯಿದೆಯೇ ಎಂದು ಕೇಳುವವರು ವಿರಳ. ನಾನೂ ಕೇಳಲಿಲ್ಲ. ನಮ್ಮ ಬಚ್ಚಲುಮನೆಯ ನೀರು ಮೋರಿಯತ್ತ ಹರಿಯದೆ ಹೊಸ್ತಿಲ ಬಳಿಯೇ ನಿಂತಿತು. ಮೇಸ್ತ್ರಿಯನ್ನು ಗದರಿದ್ದಾಯಿತು, ಹಾಸಿದ ಕಲ್ಲುಗಳನ್ನು ಕೀಳಿಸಿದ್ದೂ ಆಯಿತು. ಆಮೇಲೆ ತಿಳಿಯಿತು: ದೋಷ ಆತನ ಕೈಯದಲ್ಲ, ಎಂದೋ ಕೆಳಗೆ ಬಿದ್ದಿದ್ದ ರಸಮಟ್ಟದ್ದು.

ಪರೀಕ್ಷೆಗೆ ಎರಡು ನಿಮಿಷ ಸಾಕು. ರಸಮಟ್ಟವನ್ನು ನಯವಾದ ಹಲಗೆಯ ಮೇಲಿಟ್ಟು, ಗುಳ್ಳೆಯು ನಿಮ್ಮ ಎಡಕ್ಕೋ ಬಲಕ್ಕೋ ಎಷ್ಟು ಸರಿದಿದೆ ಎಂಬುದನ್ನು ಗಮನಿಸಿರಿ. ಬಳಿಕ ಅದೇ ಜಾಗದಲ್ಲಿ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿಡಿರಿ. ಗುಳ್ಳೆಯು ಮೊದಲಿನ ಕಡೆಗೇ ಅಷ್ಟೇ ಸರಿದು ನಿಂತರೆ ಉಪಕರಣ ನಿರ್ದೋಷಿ, ಓರೆಯಿರುವುದು ಹಲಗೆಯಲ್ಲಿ. ಬೇರೆ ಕಡೆಗೆ ಸರಿದರೆ ಆ ರಸಮಟ್ಟವನ್ನು ನಂಬತಕ್ಕದ್ದಲ್ಲ.

ದೂರದ ಎರಡು ಕಂಬಗಳಿಗೆ ಒಂದೇ ಮಟ್ಟದ ಗುರುತು ಹಾಕಲು ನೀರು ತುಂಬಿದ ಪಾರದರ್ಶಕ ಕೊಳವೆಯೇ ಮೇಲು. ಅಗ್ಗದ ಸಾಧನ, ಆದರೆ ಅದಕ್ಕೂ ಮಡಿಯುಂಟು. ಒಳಗೆ ಗಾಳಿಯ ಗುಳ್ಳೆ ಉಳಿದಿರಬಾರದು. ಒಂದು ಭಾಗ ಸುಡುಬಿಸಿಲಿನಲ್ಲಿ, ಇನ್ನೊಂದು ನೆರಳಿನಲ್ಲಿ ಬಿದ್ದಿರಬಾರದು. ಕಾದ ನೀರು ಹಗುರವಾಗಿ ಮಟ್ಟ ತಪ್ಪಿಸುವುದು. ಕೊಳವೆಯನ್ನು ಒಯ್ಯುವಾಗ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯುವುದು ಸರಿಯೇ. ಗುರುತು ಹಾಕುವಾಗ ಮಾತ್ರ ಎರಡೂ ಬಾಯಿಗಳು ತೆರೆದಿರಬೇಕು, ನೀರಿನ ಓಲಾಟ ನಿಲ್ಲುವವರೆಗೂ ಕಾಯಬೇಕು.

ಬಚ್ಚಲಿಗಾದರೋ ಮಟ್ಟ ಬೇಡ, ಇಳಿಜಾರು ಬೇಕು. ಈ ಸಲ ಮೀಟರಿಗೆ ಸುಮಾರು 15 ಮಿಲಿಮೀಟರಿನಂತೆ ಇಳಿಜಾರು ಕೊಡಿಸಿ, ಗಾರೆ ಬಿಗಿಯುವ ಮೊದಲೇ ಕೊಳವೆಯಿಂದ ಇನ್ನೊಮ್ಮೆ ಅಳೆಸಿದೆವು. ಮೇಸ್ತ್ರಿಯ ಬಳಿ ಕ್ಷಮೆ ಕೇಳಿದ್ದು ನಮ್ಮ ಮನೆಯಾಕೆ. ನನಗೆ ಮಾತು ಹೊರಡಲಿಲ್ಲ.