ಉಪ್ಪು ಕಣ್ಣಿಗೆ ಕಾಣಬೇಕೇನ್ರಿ?

ಅಮೆರಿಕದ ಕ್ರೈಸ್ತ ಪಾಪ್ ಗಾಯಕಿ ಸ್ಟೇಸಿ ಒರಿಕೊ 2000ದಾಗ ಮೊದಲನೇ ಆಲ್ಬಮ್ ತಂದಾಗ ಆಕಿಗೆ ಬರೇ 14 ವರ್ಷ. 2003ರಾಗ ತನ್ನ ಹೆಸರಿನದೇ ಎರಡನೇದು ತಂದಳು. ಅದರಾಗಿನ ‘ಸ್ಟಕ್’ ಹುಡುಗನ ಮ್ಯಾಲಿನ ಸಿಟ್ಟಿನ ಹಾಡು. ಮಗಳು ಹಾಕಿದಾಗ “ಭಕ್ತಿಗೀತಿ ಹಾಡಾಕಿ ಇದೇನ ಹಾಡ್ಯಾಳ?” ಅಂತ ನಾನೂ ಬೈದಾಕಿನ.

ಆದ್ರ ಅಕ್ಕಾರ, ಅದೇ ಆಲ್ಬಮ್ಮಿನಾಗ ‘ಮೋರ್ ಟು ಲೈಫ್’ ಕೇಳ್ರಿ. ಎಲ್ಲಾ ಇದ್ರೂ ಮನಸ್ಸು ತುಂಬವಲ್ದು, ಬದುಕಿನಾಗ ಇನ್ನೂ ಏನೋ ಇರಬೇಕು ಅಂತಾಳ. ಅದು ಪ್ರಾರ್ಥನಾ ಅಲ್ಲೇನು? 17ರ ಹುಡುಗಿ ತನ್ನ ಸಂಕಟ ಬಾಯಿಬಿಟ್ಟು ಹೇಳಿದ್ರ ಭಕ್ತಿ ಕೆಡ್ತದೇನು?

ಸಾರಿನಾಗಿನ ಉಪ್ಪು ಕಾಣಂಗಿಲ್ಲ, ನಾಲಿಗಿಗೆ ಗೊತ್ತಾಗ್ತದ. ಬರೇ ದೇವರ ಹೆಸರು ಎಣಿಸೋರಿಗೆ ರುಚಿ ಎಲ್ಲಿ ತಿಳೀಬೇಕು? ಮಗಳ ಹಾಡು ಬಂದ್ ಮಾಡಬ್ಯಾಡ್ರಿ. ಬಾಜೂಕ ಕೂತು ಕೇಳ್ರಿ. ಆಕಿ ಮನಸ್ಸೂ ಕೇಳಿಸ್ತದ.