ಬಸ್ಸಿಳಿದ ಮೇಲೆ ಮುಂದೇನು? ಡಬ್ಲಿನ್ನಿನ ಟ್ರಾಮ್ ಮತ್ತು ನಮ್ಮ ಸ್ಟೇಟ್ ಬ್ಯಾಂಕ್



ಕಿನ್ನಿಗೋಳಿ ಕಡೆಯ ಪ್ರಾಯದ ತಾಯಿಯೊಬ್ಬರು ಜಮೀನಿನ ಕಾಗದಪತ್ರದ ಕೆಲಸಕ್ಕಾಗಿ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಗೆ ಹೊರಟಿದ್ದಾರೆಂದು ಭಾವಿಸೋಣ. ಬೆಳಿಗ್ಗೆ ಸರ್ವಿಸ್ ಬಸ್ ಹತ್ತಿ ಸ್ಟೇಟ್ ಬ್ಯಾಂಕಿನಲ್ಲಿ ಇಳಿಯುತ್ತಾರೆ. ಹಿಂದೆಯಾದರೆ ಅಷ್ಟಕ್ಕೆ ಪ್ರಯಾಣ ಮುಗಿಯುತ್ತಿತ್ತು. ಕಚೇರಿ ಅಲ್ಲೇ ನಡಿಗೆಯ ದೂರದಲ್ಲಿತ್ತು. 2025ರ ಮೇ ತಿಂಗಳಲ್ಲಿ ಪಡೀಲಿನಲ್ಲಿ ‘ಪ್ರಜಾ ಸೌಧ’ ಉದ್ಘಾಟನೆಯಾದ ಮೇಲೆ ಆ ತಾಯಿಗೆ ಸ್ಟೇಟ್ ಬ್ಯಾಂಕ್ ಅರ್ಧ ದಾರಿಯಾಗಿದೆ. ಅಲ್ಲಿಂದ ಮತ್ತೊಂದು ಬಸ್ ಹಿಡಿಯಬೇಕು, ಮತ್ತೊಂದು ಟಿಕೆಟ್ ತೆಗೆಯಬೇಕು. ಯಾವ ಬಸ್, ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಯಾರನ್ನಾದರೂ ಕೇಳಬೇಕು. ಕೇಳಲು ಸಂಕೋಚಪಡುವವರು ರಿಕ್ಷಾ ಹತ್ತುತ್ತಾರೆ. ಬಸ್ಸಿಗೆಂದು ತೆಗೆದಿಟ್ಟ ಹಣ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಮಂಗಳೂರಿನಲ್ಲಿ ಬಸ್ಸುಗಳೇ ಇಲ್ಲ ಎಂದು ಯಾರೂ ಹೇಳಲಾರರು. ಸರ್ಕಾರಿ ಬಸ್ಸು ಕಾಣದ ಎಷ್ಟೋ ಹಳ್ಳಿಗಳಿಗೆ ದಶಕಗಳಿಂದ ಖಾಸಗಿ ಬಸ್ಸುಗಳೇ ಆಧಾರ. ತೊಂದರೆ ಇರುವುದು ಒಂದು ಬಸ್ಸಿನಿಂದ ಇಳಿದು ಇನ್ನೊಂದು ಬಸ್ಸಿಗೋ ರೈಲಿಗೋ ಹತ್ತುವ ನಡುವಿನ ಹಾದಿಯಲ್ಲಿ. ಈ ನಡುವಿನ ಹಾದಿಯನ್ನು ಮರೆತರೆ ಏನಾಗುತ್ತದೆ, ಅದನ್ನು ಸರಿಪಡಿಸಲು ಎಷ್ಟು ಕಾಲ ಬೇಕಾಗುತ್ತದೆ ಎಂಬುದಕ್ಕೆ ಐರ್ಲೆಂಡಿನ ರಾಜಧಾನಿ ಡಬ್ಲಿನ್ ಒಳ್ಳೆಯ ಉದಾಹರಣೆ. ಕೇರಳದಿಂದ ಮತ್ತು ನಮ್ಮ ಕರಾವಳಿಯಿಂದ ಹೋದ ನರ್ಸುಗಳು ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವುದರಿಂದ ಆ ನಗರ ನಮಗೆ ತೀರಾ ಅಪರಿಚಿತವೂ ಅಲ್ಲ.

ಸೇರದೆ ಉಳಿದ ಎರಡು ಹಳಿಗಳು

ಡಬ್ಲಿನ್ನಿಗೆ ಟ್ರಾಮ್ ಹೊಸದಲ್ಲ. 1872ರಲ್ಲಿ ಅಲ್ಲಿ ಕುದುರೆ ಎಳೆಯುವ ಟ್ರಾಮ್ ಆರಂಭವಾಯಿತು. ಬಳಿಕ ವಿದ್ಯುತ್ ಟ್ರಾಮ್ ಬಂತು. ಬಸ್ಸು, ಕಾರುಗಳ ಕಾಲ ಬಂದಾಗ 1949ರಲ್ಲಿ ನಗರದ ಟ್ರಾಮ್ ನಿಂತುಹೋಯಿತು. ಮುಂಬೈಗೆ ದುಡಿಯಲು ಹೋಗಿದ್ದ ನಮ್ಮ ಹಿರಿಯರಿಗೂ ಇಂಥದೇ ನೆನಪಿದ್ದೀತು. ಅಲ್ಲಿ 1964ರಲ್ಲಿ ಕೊನೆಯ ಟ್ರಾಮ್ ಓಡಿತು. ಕೊಲ್ಕತ್ತಾ ಮಾತ್ರ ಉಳಿಸಿಕೊಂಡಿತ್ತು. ಆದರೆ ಪಾರಂಪರಿಕ ನೆನಪಿಗಾಗಿ ಒಂದು ಮಾರ್ಗ ಉಳಿಸಿ ಮಿಕ್ಕವನ್ನು ನಿಲ್ಲಿಸುವುದಾಗಿ ಪಶ್ಚಿಮ ಬಂಗಾಳ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು.

ಡಬ್ಲಿನ್ ಕೈಬಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಂಡಿತು. 2004ರಲ್ಲಿ ‘ಲುವಾಸ್’ ಎಂಬ ಹೊಸ ಟ್ರಾಮ್ ಆರಂಭವಾಯಿತು. ಐರಿಷ್ ಭಾಷೆಯಲ್ಲಿ ಈ ಪದಕ್ಕೆ ವೇಗ ಎಂದರ್ಥ. ಜೂನ್ ತಿಂಗಳಲ್ಲಿ ಹಸಿರು ಮಾರ್ಗ, ಸೆಪ್ಟೆಂಬರಿನಲ್ಲಿ ಕೆಂಪು ಮಾರ್ಗ. ಹಸಿರು ಮಾರ್ಗ ದಕ್ಷಿಣದ ಬಡಾವಣೆಗಳಿಂದ ಬಂದು ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಬಳಿ ನಿಲ್ಲುತ್ತಿತ್ತು. ಕೆಂಪು ಮಾರ್ಗ ಲಿಫಿ ನದಿಯ ಆಚೆಗೆ, ಆ್ಯಬಿ ಸ್ಟ್ರೀಟ್ ಮೂಲಕ ಹಾದುಹೋಗುತ್ತಿತ್ತು. ಎರಡರ ನಡುವೆ ಸುಮಾರು ಒಂದು ಕಿಲೋಮೀಟರ್ ಅಂತರ. ಒಂದೇ ಊರು, ಒಂದೇ ಹೆಸರಿನ ಟ್ರಾಮ್, ಆದರೆ ಹಳಿಗಳು ಎಲ್ಲೂ ಕೂಡುತ್ತಿರಲಿಲ್ಲ.

ಇದು ಕಣ್ತಪ್ಪಿನಿಂದ ಆದದ್ದಲ್ಲ. ಮೊದಲಿನ ಯೋಜನೆಯಲ್ಲಿ ಹಳಿ ನಗರದ ನಡುವೆಯೇ ಹಾದು ಹೋಗಬೇಕಿತ್ತು. ಬೀದಿಯ ಮೇಲೆ ಟ್ರಾಮ್ ಓಡಿದರೆ ವಾಹನ ಸಂಚಾರ ಕೆಟ್ಟೀತು ಎಂಬ ಭಯ ಎದ್ದಿತು. ನಗರ ಮಧ್ಯದಲ್ಲಿ ಸುರಂಗ ಮಾಡುವ ವಿಚಾರ ನೋಡೋಣ ಎಂದು 1998ರಲ್ಲಿ ಸರ್ಕಾರ ಆ ಭಾಗವನ್ನು ಬದಿಗಿಟ್ಟಿತು. ಸುರಂಗ ಬರಲಿಲ್ಲ, ಅಂತರ ಉಳಿಯಿತು. ಅತಿ ಹೆಚ್ಚು ಜನರಿಗೆ ಬೇಕಾಗಿದ್ದ ತುಂಡು ಅತ್ಯಂತ ಕಷ್ಟದ ತುಂಡೂ ಆಗಿದ್ದರಿಂದ ಅದನ್ನೇ ಬಿಡಲಾಯಿತು.

ಆ ಕಾಲದಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ನಮ್ಮೂರಿನ ನರ್ಸೊಬ್ಬರು ರಜೆಯಲ್ಲಿ ಬಂದಾಗ ಹೇಳಿದ ಮಾತು ನನಗೆ ನೆನಪಿದೆ. “ಫಾದರ್, ಆಸ್ಪತ್ರೆಯ ಬಾಗಿಲಲ್ಲೇ ಟ್ರಾಮ್, ಮನೆಯ ಹತ್ತಿರವೂ ಟ್ರಾಮ್. ಆದರೆ ರಾತ್ರಿ ಪಾಳಿ ಮುಗಿಸಿ, ಆ ಚಳಿ ಗಾಳಿಯಲ್ಲಿ, ಒಂದರಿಂದ ಇಳಿದು ಸೇತುವೆ ದಾಟಿ ಕಾಲು ಗಂಟೆ ನಡೆದರೆ ಮಾತ್ರ ಇನ್ನೊಂದು ಸಿಗುತ್ತಿತ್ತು.” ಈ ಕಾಲು ಗಂಟೆ ಯೋಜನೆಯ ನಕ್ಷೆಯಲ್ಲಿ ಒಂದು ಬೆರಳಿನಷ್ಟೂ ಇರುವುದಿಲ್ಲ. ದಣಿದ ಕಾಲಿಗೆ ಅದು ಬಹಳ ಉದ್ದ.

ಆ ಒಂದು ಕಿಲೋಮೀಟರ್ ಅಂತರ ಮುಚ್ಚಲು ಹದಿಮೂರು ವರ್ಷಗಳು ಹಿಡಿದವು. 2017ರ ಡಿಸೆಂಬರ್ 9ರಂದು ‘ಲುವಾಸ್ ಕ್ರಾಸ್ ಸಿಟಿ’ ಆರಂಭವಾಯಿತು. 13 ಹೊಸ ನಿಲ್ದಾಣಗಳು, ವೆಚ್ಚ 36.8 ಕೋಟಿ ಯೂರೋ. ಹಸಿರು ಮಾರ್ಗ ನದಿ ದಾಟಿ ಕೆಂಪು ಮಾರ್ಗವನ್ನು ಕೂಡಿಕೊಂಡು, ಉತ್ತರದ ಬ್ರೂಮ್‌ಬ್ರಿಜ್ ರೈಲು ನಿಲ್ದಾಣದವರೆಗೂ ಹೋಯಿತು.

ಹಳಿ ಕೂಡಿತು, ರಸ್ತೆ ಕೂಡಲಿಲ್ಲ

ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಕಲಿಯುವುದು ಹೆಚ್ಚೇನೂ ಇರುತ್ತಿರಲಿಲ್ಲ. ಹೊಸ ಟ್ರಾಮ್ ಬಂದ ಕೆಲವೇ ವಾರಗಳಲ್ಲಿ ನಗರದ ಹೃದಯಭಾಗವಾದ ಕಾಲೇಜ್ ಗ್ರೀನ್ ಬಳಿ ಇಕ್ಕಟ್ಟು ಉಂಟಾಯಿತು. ಒಂದೇ ಬೀದಿಯಲ್ಲಿ ಹಲವಾರು ಮಾರ್ಗಗಳ ಬಸ್ಸುಗಳು, ಟ್ಯಾಕ್ಸಿಗಳು ಮತ್ತು ಟ್ರಾಮ್ ಸೇರಿದವು. 2018ರಲ್ಲಿ ಬಂದ ಹೊಸ ಟ್ರಾಮ್‌ಗಳಂತೂ ಸುಮಾರು 55 ಮೀಟರ್ ಉದ್ದದವು. ಬಸ್ಸುಗಳು ತಡವಾದವು. ಕೆಲವು ಬಸ್ ಮಾರ್ಗಗಳನ್ನು ಅಲ್ಲಿಂದ ಬದಲಾಯಿಸಬೇಕಾಯಿತು. ಟ್ರಾಮ್ ಪ್ರಯಾಣಿಕರಿಗೆ ಅನುಕೂಲ ಮಾಡಲು ಹೋಗಿ ಬಸ್ ಪ್ರಯಾಣಿಕರಿಗೆ ತೊಂದರೆಯಾಯಿತು. ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿದರೆ ಹೀಗೇ ಆಗುವುದು.

ಆಮೇಲೆ ಆ ನಗರ ಮೂರು ಕೆಲಸಗಳನ್ನು ಮಾಡಿತು. ನಮ್ಮ ಗಮನಕ್ಕೆ ಬರಬೇಕಾದವು ಈ ಮೂರೇ. ಇವುಗಳಲ್ಲಿ ಯಾವುದಕ್ಕೂ ಹೊಸ ಹಳಿ ಬೇಕಾಗಿಲ್ಲ.

ಮೊದಲನೆಯದು, ಬಸ್ ಮಾರ್ಗಗಳ ಮರುಜೋಡಣೆ. 2018ರಲ್ಲಿ ಕರಡು ನಕ್ಷೆಯನ್ನು ಜನರ ಮುಂದಿಟ್ಟಾಗ ಭಾರೀ ವಿರೋಧ ಬಂತು. “ನಮ್ಮ ಬಾಗಿಲಿನ ನೇರ ಬಸ್ಸನ್ನು ಕಿತ್ತುಕೊಳ್ಳಬೇಡಿ” ಎಂಬುದೇ ಹಿರಿಯರ ಮುಖ್ಯ ಅಳಲು. ಸಾವಿರಾರು ಅಭಿಪ್ರಾಯಗಳನ್ನು ಕೇಳಿ ನಕ್ಷೆಯನ್ನು ತಿದ್ದಿ, 2020ರಲ್ಲಿ ಅಂತಿಮಗೊಳಿಸಿ, 2021ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ತರಲಾಯಿತು. ನಗರ ಮಧ್ಯಕ್ಕೆ ಬಾರದೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಸುತ್ತು ಹಾಕುವ ಬಸ್ಸುಗಳೂ ಈ ಯೋಜನೆಯಲ್ಲಿದ್ದವು.

ಎರಡನೆಯದು, ಒಂದೇ ಟಿಕೆಟ್. 2021ರ ನವೆಂಬರಿನಿಂದ ಡಬ್ಲಿನ್ನಿನಲ್ಲಿ 90 ನಿಮಿಷಗಳ ದರ ಜಾರಿಗೆ ಬಂತು. ಕಾರ್ಡ್ ತೋರಿಸಿ ಬಸ್ ಹತ್ತಿದವರು ತೊಂಬತ್ತು ನಿಮಿಷಗಳೊಳಗೆ ಟ್ರಾಮ್‌ಗೋ ನಗರದ ರೈಲಿಗೋ ಬದಲಾಯಿಸಿದರೆ ಮತ್ತೆ ಹಣ ಕೊಡಬೇಕಾಗಿಲ್ಲ. 2022ರ ಮೇ ತಿಂಗಳಲ್ಲಿ ವಯಸ್ಕರ ದರವನ್ನು 2 ಯೂರೋಗೆ ಇಳಿಸಲಾಯಿತು. ಬಸ್ಸು ಬದಲಾಯಿಸುವುದು ಬಡವರಿಗೆ ದಂಡವಾಗಬಾರದು ಎಂಬುದೇ ಇದರ ತಿರುಳು.

ಮೂರನೆಯದು, ರಸ್ತೆಯ ಹಂಚಿಕೆ. ನಗರ ಮಧ್ಯದಲ್ಲಿ ಓಡಾಡುವ ಹತ್ತು ವಾಹನಗಳಲ್ಲಿ ಆರಕ್ಕೆ ಅಲ್ಲಿ ಕೆಲಸವೇ ಇಲ್ಲ, ಅವು ಸುಮ್ಮನೆ ಹಾದುಹೋಗುವಂಥವು ಎಂದು ನಗರಾಡಳಿತ ಕಂಡುಕೊಂಡಿತು. 2024ರ ಆಗಸ್ಟ್ 25ರಿಂದ ನದಿಯ ಎರಡೂ ದಂಡೆಗಳ ರಸ್ತೆಯ ಒಂದೊಂದು ತುಂಡಿನಲ್ಲಿ ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಖಾಸಗಿ ಕಾರುಗಳು ನೇರವಾಗಿ ಹೋಗದಂತೆ ಮಾಡಲಾಯಿತು. ವ್ಯಾಪಾರಿಗಳು ಮತ್ತು ಪಾರ್ಕಿಂಗ್ ಕಟ್ಟಡಗಳ ಮಾಲೀಕರು ಬಲವಾಗಿ ವಿರೋಧಿಸಿದರು. ಆದರೂ ಅದು ಜಾರಿಯಾಯಿತು.

ನಿರ್ಧರಿಸುವವರು ಯಾರು?

ಇದು ಸಾಧ್ಯವಾಗಲು ಒಂದು ಕಾರಣವಿದೆ. 2009ರಲ್ಲಿ ಐರ್ಲೆಂಡ್ ರಾಷ್ಟ್ರೀಯ ಸಾರಿಗೆ ಪ್ರಾಧಿಕಾರವನ್ನು ಸ್ಥಾಪಿಸಿತು. ಅಲ್ಲಿ ಬಸ್ಸುಗಳೆಲ್ಲ ಸರ್ಕಾರದ್ದೇ ಎಂದು ತಿಳಿಯಬೇಡಿ. 2018ರಿಂದ ಕೆಲವು ಬಸ್ ಮಾರ್ಗಗಳನ್ನು ಖಾಸಗಿ ಕಂಪೆನಿ ನಡೆಸುತ್ತಿದೆ. ಟ್ರಾಮ್ ನಡೆಸುವುದೂ ಖಾಸಗಿ ಕಂಪೆನಿಯೇ. ಆದರೆ ದರ, ಟಿಕೆಟ್, ಮಾರ್ಗ ಇವನ್ನು ನಿರ್ಧರಿಸುವ ಕೈ ಒಂದೇ. ಬಸ್ಸು ಯಾರದ್ದು ಎಂದು ಪ್ರಯಾಣಿಕ ಕೇಳಬೇಕಾಗಿಲ್ಲ.

ಈಗ ನಮ್ಮ ಊರನ್ನು ನೋಡೋಣ. ಸಿಟಿ ಬಸ್ಸು, ಸರ್ವಿಸ್ ಬಸ್ಸುಗಳು ಸ್ಟೇಟ್ ಬ್ಯಾಂಕಿನಲ್ಲಿ. ಕೆಎಸ್‌ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿ. 1907ರಿಂದ ಇರುವ ಸೆಂಟ್ರಲ್ ರೈಲು ನಿಲ್ದಾಣ ಹಂಪನಕಟ್ಟೆಯ ಬಳಿ. ಮುಂಬೈ ಕಡೆಯ ನೇತ್ರಾವತಿ, ದಿಲ್ಲಿಯ ಮಂಗಳಾ ಮುಂತಾದ ರೈಲುಗಳು ನಿಲ್ಲುವ ಜಂಕ್ಷನ್ ನಿಲ್ದಾಣ ಕಂಕನಾಡಿಯ ಆಚೆ, ಪಡೀಲಿನ ಕಡೆ. ಜಿಲ್ಲಾಧಿಕಾರಿ ಕಚೇರಿಯೂ ಈಗ ಪಡೀಲಿನಲ್ಲಿ. ವೆನ್ಲಾಕ್ ಮತ್ತು ಲೇಡಿಗೋಷನ್ ಆಸ್ಪತ್ರೆಗಳು ನಗರದ ಮಧ್ಯದಲ್ಲಿ. ಹೀಗೆ ನಾಲ್ಕು ಕಡೆ ಹಂಚಿಹೋದದ್ದನ್ನು ಒಂದಕ್ಕೊಂದು ಬೆಸೆಯುವ, ಹೊತ್ತು ತಪ್ಪದೆ ಸುತ್ತುವ ಬಸ್ಸನ್ನು ಜನರು ಕಣ್ಣು ಮುಚ್ಚಿ ನಂಬುವ ಸ್ಥಿತಿ ನಮ್ಮಲ್ಲಿಲ್ಲ. ಒಂದು ಬಸ್ಸಿನ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಬೆಂಗಳೂರಿನ ಮನೆಗೆಲಸದ ಮಹಿಳೆಗೆ ಇದರಿಂದ ತಿಂಗಳಿಗೆ ಸಾಕಷ್ಟು ಹಣ ಉಳಿಯುತ್ತದೆ. ಆದರೆ ಹೆಚ್ಚಿನ ಬಸ್ಸುಗಳು ಖಾಸಗಿಯಾಗಿರುವ ನಮ್ಮ ಜಿಲ್ಲೆಯಲ್ಲಿ ಅದೇ ದುಡಿಮೆಯ ಮಹಿಳೆಗೆ ಅಷ್ಟು ಪ್ರಯೋಜನ ದೊರೆಯುತ್ತಿಲ್ಲ. ಇದರಲ್ಲಿ ಖಾಸಗಿ ಬಸ್ ಮಾಲೀಕರನ್ನು ದೂರುವುದು ನ್ಯಾಯವಲ್ಲ. ಡೀಸೆಲ್, ತೆರಿಗೆ, ಸಂಬಳ ಎಲ್ಲವನ್ನೂ ಟಿಕೆಟ್ ಹಣದಿಂದಲೇ ಹೊಂದಿಸಬೇಕಾದವರು ಅವರು. ಹಿಂದಿನ ಬಸ್ಸಿಗಿಂತ ಮುಂದೆ ಓಡಿದರೆ ಮಾತ್ರ ಕಲೆಕ್ಷನ್ ಎಂಬ ವ್ಯವಸ್ಥೆಯೊಳಗೆ ಚಾಲಕನಿಂದ ತಾಳ್ಮೆ ಬಯಸುವುದು ಹೇಗೆ? ಬದಲಾಗಬೇಕಾದದ್ದು ಆ ವ್ಯವಸ್ಥೆ. ಡಬ್ಲಿನ್ನಿನಂತೆ ಸರ್ಕಾರಿ ಮತ್ತು ಖಾಸಗಿ ಬಸ್ಸುಗಳೆರಡೂ ಒಂದೇ ಟಿಕೆಟಿನಡಿ ಓಡಬಹುದು. ಅದಕ್ಕೆ ಹಣ ಹಂಚಿಕೆಯ ನ್ಯಾಯವಾದ ಒಪ್ಪಂದ ಬೇಕು, ಅದನ್ನು ನಡೆಸಿಕೊಡುವ ಜವಾಬ್ದಾರಿಯುತ ಕೈ ಬೇಕು.

ನಾವು ಕೇಳಬಹುದಾದದ್ದು

ಮಂಗಳೂರಿಗೆ ಟ್ರಾಮ್ ಬೇಕು ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ನಮ್ಮ ಏರಿಳಿತದ, ಇಕ್ಕಟ್ಟಿನ ರಸ್ತೆಗಳಲ್ಲಿ ಅದು ಸುಲಭವೂ ಅಲ್ಲ. ದೊಡ್ಡ ಯೋಜನೆಯ ಕನಸಿನಲ್ಲಿ ಸಣ್ಣ ಕೆಲಸ ಮರೆತುಹೋಗದಿರಲಿ ಎಂಬುದಷ್ಟೇ ನಮ್ಮ ಆಶಯ. ಪಂಪ್‌ವೆಲ್ ಮೇಲ್ಸೇತುವೆ ಮುಗಿದು 2020ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯುವ ಹೊತ್ತಿಗೆ ನಾವು ಎಷ್ಟು ಕಾಯಬೇಕಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ. ಒಂದು ನಾಮಫಲಕಕ್ಕೆ, ಒಂದು ವೇಳಾಪಟ್ಟಿಗೆ ಅಷ್ಟು ಕಾಲ ಬೇಕಾಗಿಲ್ಲ.

ಬಸ್ಸಿನ ಪರವಾನಗಿ, ಮಾರ್ಗ, ಸಮಯಗಳನ್ನು ನಿರ್ಧರಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ತಂಗುದಾಣ, ಕಾಲುದಾರಿ, ಫಲಕಗಳು ಮಹಾನಗರ ಪಾಲಿಕೆಯ ಕೆಲಸ. ಈ ಎರಡು ಕಡೆ ನಾವು ಬರವಣಿಗೆಯಲ್ಲಿ ಕೇಳಬಹುದಾದ ಸಂಗತಿಗಳಿವೆ. ಸ್ಟೇಟ್ ಬ್ಯಾಂಕ್, ಸೆಂಟ್ರಲ್ ನಿಲ್ದಾಣ, ಬಿಜೈ, ಜಂಕ್ಷನ್ ಮತ್ತು ಪಡೀಲನ್ನು ಜೋಡಿಸುವ, ನಿಗದಿತ ಸಮಯದ ಸುತ್ತುಬಸ್ಸುಗಳು. ಪ್ರತಿ ತಂಗುದಾಣದಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಮಾರ್ಗ ಮತ್ತು ಹೊತ್ತಿನ ಫಲಕ. ಸ್ಟೇಟ್ ಬ್ಯಾಂಕಿನಿಂದ ಸೆಂಟ್ರಲ್ ನಿಲ್ದಾಣಕ್ಕೆ ಮಳೆಗಾಲದಲ್ಲೂ ಗಾಡಿಕುರ್ಚಿ ತಳ್ಳಿಕೊಂಡು ಹೋಗಬಹುದಾದ ಕಾಲುದಾರಿ. ಬಸ್ ಬದಲಾಯಿಸಿದವರಿಗೆ ಎರಡನೆಯ ಟಿಕೆಟಿನಲ್ಲಿ ರಿಯಾಯಿತಿ.

ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಡ್ ಸಭೆಗಳಿವೆ, ಹಿರಿಯರ ಕೂಟಗಳಿವೆ, ಸ್ತ್ರೀ ಸಂಘಟನೆಗಳಿವೆ. ಯಾರು ಎಲ್ಲಿಂದ ಎಲ್ಲಿಗೆ, ಎಷ್ಟು ಬಸ್ ಬದಲಾಯಿಸಿ, ಎಷ್ಟು ಹೊತ್ತು ಕಾದು ಹೋಗುತ್ತಾರೆ ಎಂಬುದನ್ನು ಒಂದು ಸಂಜೆ ಕುಳಿತು ಬರೆದಿಟ್ಟರೆ ಅದು ಯಾವ ತಜ್ಞರ ವರದಿಗೂ ಕಡಿಮೆಯಲ್ಲ. ಡಬ್ಲಿನ್ನಿನಲ್ಲಿ ನಕ್ಷೆ ಬದಲಾದದ್ದು ಜನರು ಪತ್ರ ಬರೆದದ್ದರಿಂದ. ಬೇರೆ ಊರುಗಳಿಂದ ಬಂದ ನೆರೆಹೊರೆಯವರೂ, ಬೇರೆ ಧರ್ಮದವರೂ ಅದೇ ಬಸ್ಸಿಗೆ ಕಾಯುವವರು. ಅವರನ್ನೂ ಕೂಡಿಸಿಕೊಂಡು ಕೇಳಿದರೆ ಧ್ವನಿಗೆ ಬಲ ಬರುತ್ತದೆ.

ಆ ನರ್ಸ್ ಕಳೆದ ಬಾರಿ ಬಂದಾಗ ಮತ್ತೊಂದು ಮಾತು ಹೇಳಿದರು. ಅಲ್ಲಿ ಹಳಿ ಕೂಡಿದ ಮೇಲೆ ಕಾಲು ಗಂಟೆಯ ನಡಿಗೆ ಒಂದೆರಡು ನಿಮಿಷಕ್ಕೆ ಇಳಿಯಿತಂತೆ. ಆದರೆ ಇಲ್ಲಿ ಅವರ ತಾಯಿ ವೆನ್ಲಾಕಿಗೆ ಹೋಗಬೇಕಾದರೆ ಇನ್ನೂ ಯಾರಾದರೂ ಜೊತೆಗಿರಬೇಕು. ನೆಂಟರಿಲ್ಲದೆ, ರಿಕ್ಷಾ ಇಲ್ಲದೆ, ಭಯವಿಲ್ಲದೆ ಆ ತಾಯಿ ಒಬ್ಬರೇ ಆಸ್ಪತ್ರೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ದಿನ ಬಂದರೆ ನಮ್ಮ ನಗರ ಸುಧಾರಿಸಿತು ಎಂದು ಧೈರ್ಯವಾಗಿ ಹೇಳಬಹುದು.

- ಸಂಪಾದಕ